ದ್ಯಾಮವ್ವನ ತಟ್ಟೆಯ ಶಿರಾ

ಹಿರೇಕೊಳ್ಳದ ಮಠದ ಪೂಜ್ಯ ಶ್ರೀ ಕಲ್ಲಿನಾಥಜ್ಜನವರಿಗೆ ಗದ್ದುಗೆಗಿಂತ ಅಡುಗೆಮನೆಯ ಹೊಸ್ತಿಲು ಪ್ರಿಯವಾಗಿತ್ತು. ಬೆಳಗಿನ ಪೂಜೆ ಮುಗಿಸಿ, ಗೋಣಿಚೀಲದ ಮೇಲೆ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ದರ್ಶನಕ್ಕೆ ಬಂದವರು ಅಲ್ಲಿಯೇ ಅಡ್ಡಬೀಳಬೇಕಿತ್ತು. ಕೆಲವು ಭಕ್ತರಿಗೆ ಪಂಚೆ ಮಾಸುವ ಚಿಂತೆಯೂ ಇತ್ತು.

ಮಠದಲ್ಲಿ ದಿನವೂ ಮುನ್ನೂರು ಜನರಿಗೆ ದಾಸೋಹ. ಭಕ್ತರು ಉದಾರಿಗಳು. ಮಗುವಿನ ಹುಟ್ಟುಹಬ್ಬವಿರಲಿ, ಹಿರಿಯರ ಪುಣ್ಯತಿಥಿಯಿರಲಿ, ಹುಗ್ಗಿಯನ್ನೋ ಬೂಂದಿಯನ್ನೋ ಬಡಿಸಲು ಮುಂದೆ ಬರುತ್ತಿದ್ದರು. ಸಿಹಿಯೂಟದ ಸೇವೆಗೆ ಎರಡು ವರ್ಷ ಮೊದಲೇ ದಿನ ಹಿಡಿಯಬೇಕಿತ್ತು. ತಂದೆಯ ಆತ್ಮಶಾಂತಿಗಾಗಿ ಪುಂಡಿಸೊಪ್ಪಿನ ಪಲ್ಯ ಮಾಡಿಸಿದವರು ಮಾತ್ರ ಮಠದ ನೆನಪಿನಲ್ಲಿ ಯಾರೂ ಇಲ್ಲ. ಹೀಗಾಗಿ ಇಂದು ಅನ್ನ, ಸಾರು, ಸಿಹಿ. ನಾಳೆ ಸಿಹಿ, ಅನ್ನ, ಸಾರು.

ಪಂಕ್ತಿಯ ಕೊನೆಯಲ್ಲಿ ಕಸಬರಿಗೆ ಮಾರುವ ದ್ಯಾಮವ್ವ ಕೂರುತ್ತಿದ್ದಳು. ಅವಳಿಗೆ ದಿನಕ್ಕೆ ಅದೊಂದೇ ಊಟ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ, ಆಸ್ಪತ್ರೆಯಲ್ಲಿ ಎಡಪಾದ ತೆಗೆದಿದ್ದರು. ಈಗ ಬಲಪಾದದಲ್ಲೂ ಹುಣ್ಣು ಕಾಣಿಸಿಕೊಂಡಿತ್ತು. ಆದರೂ ಬಡಿಸಿದ್ದನ್ನೆಲ್ಲ ಉಂಡು, ಸಂಪ್ರದಾಯದಂತೆ ತಟ್ಟೆ ತೊಳೆದ ನೀರನ್ನೂ ಕುಡಿದೇ ಏಳುವಳು. ಅಲ್ಲಿ ಪ್ರಸಾದ ಬಿಡುವುದು ಅಪರಾಧ.

ಒಂದು ದಿನ ಜವಳಿ ವ್ಯಾಪಾರಿ ಶಾಂತವೀರಪ್ಪನವರು ತಾಯಿಯ ಪುಣ್ಯತಿಥಿಗೆಂದು ತುಪ್ಪದ ಶಿರಾ ಮಾಡಿಸಿ, ತಾವೇ ಬಡಿಸಲು ನಿಂತರು. ಬಡವರು ಕೆಡುವುದು ಬಾಯಿಚಪಲದಿಂದ ಎಂಬುದು ಅವರ ಬಹುಕಾಲದ ಅಭಿಪ್ರಾಯ. ದ್ಯಾಮವ್ವನ ಕಾಲಿನ ಪಟ್ಟಿ ಕಂಡು, ಕಾರಣ ವಿಚಾರಿಸಿ, ಎರಡು ಸವಟು ಶಿರಾ ನೀಡುತ್ತಲೇ ಬುದ್ಧಿ ಹೇಳಿದರು.

“ಒಂದು ಕಾಲು ಹೋದ್ರೂ ನಾಲಿಗಿ ಕೇಳಂಗಿಲ್ಲೇನು ಮುದುಕಿ?”

ಪಕ್ಕದವರು ನಕ್ಕರು. ಅವಳು ಸಿಟ್ಟಾಗಲಿಲ್ಲ.

“ಪ್ರಸಾದಕ್ಕ ಬ್ಯಾಡ ಅಂತ ಹೆಂಗ ಅನ್ನಲಿ, ಯಪ್ಪಾ? ಇದನ್ನ ಬಿಟ್ರ ಮತ್ತ ಉಣ್ಣಾಕ ಏನೈತಿ?”

ಅಜ್ಜನವರು ಎದ್ದು ಬಂದರು. ಅವಳೆದುರು ನೆಲಕ್ಕೆ ಕುಳಿತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಷ್ಟೂ ಶಿರಾವನ್ನು ತಾವೇ ಉಂಡರು. ಪ್ರಸಾದ ಕೆಡಲಿಲ್ಲ. ಬಳಿಕ ಒಳಗೆ ಹೋಗಿ, ಅಡುಗೆಯವರು ತಮಗಾಗಿ ಮಾಡಿಟ್ಟುಕೊಂಡಿದ್ದ ಜೋಳದ ರೊಟ್ಟಿ, ಮೆಂತ್ಯಪಲ್ಯ ತಂದು ಅವಳಿಗೆ ನೀಡಿದರು. ಯಾವ ಊಟ ಮೈಗೆ ಒಳ್ಳೆಯದೆಂದು ಅಡುಗೆಯವರಿಗೆ ಮೊದಲಿನಿಂದಲೂ ತಿಳಿದಿತ್ತು.

ಶಾಂತವೀರಪ್ಪನವರು ಸವಟು ಹಿಡಿದೇ ನಿಂತಿದ್ದರು. ಅಜ್ಜನವರು ತಗ್ಗಿದ ದನಿಯಲ್ಲಿ ಹೇಳಿದರು:

“ಹತ್ತು ವರ್ಷ ನೀಡಿದ್ವಿ. ನಿನಗೇನು ಒಗ್ಗತೈತಿ ತಾಯಿ ಅಂತ ಒಂದಿನಾನೂ ಕೇಳಲಿಲ್ಲ. ಆಕಿ ಕಾಲು ಉಂಡವರು ನಾವು.”

ಅಂದಿನಿಂದ ಮಠದಲ್ಲಿ ರೊಟ್ಟಿ, ಕಾಳು, ಸೊಪ್ಪು ಬಂದವು. ಸೇವಾಕರ್ತರ ಸಂಖ್ಯೆ ಸ್ವಲ್ಪ ಇಳಿಯಿತು. ದ್ಯಾಮವ್ವನ ಬಲಪಾದದ ಹುಣ್ಣು ನಿಧಾನವಾಗಿ ಮಾಯಿತು. ಅದನ್ನು ಪವಾಡವೆಂದು ಕೊಂಡಾಡಿದವರಿಗೆ ಅಜ್ಜನವರು ಅವಳ ಎಡಗಾಲು ತೋರಿಸುತ್ತಿದ್ದರು.

ಮರುವರ್ಷ ಅದೇ ತಿಥಿಗೆ ಶಾಂತವೀರಪ್ಪನವರು ಹಿಂದಿನ ದಿನವೇ ಬಂದು, ಮೆಂತ್ಯಸೊಪ್ಪು ಬಿಡಿಸಲು ಕುಳಿತರು. ಪಂಕ್ತಿಯಲ್ಲಿ ಸೇವಾಕರ್ತರೆಂದು ತಮ್ಮ ಹೆಸರು ಕೂಗುವುದು ಬೇಡವೆಂದರು. ಊಟದ ಹೊತ್ತಿಗೆ ಪಂಕ್ತಿಯ ಕೊನೆಗೆ ಬಂದು ದ್ಯಾಮವ್ವನ ಪಕ್ಕ ಕುಳಿತರು. ಸಾಹುಕಾರರ ತಟ್ಟೆಯಲ್ಲಿ ಬರೀ ರೊಟ್ಟಿ, ಪಲ್ಯ ಕಂಡು ಅವಳಿಗೆ ಕನಿಕರವಾಯಿತು.

“ನಿನಗೂ ಸಕ್ಕರಿ ಬ್ಯಾನಿ ಬಂತೇನಪ್ಪಾ?”

“ನಮ್ಮವ್ವಗಿತ್ತು,” ಎಂದರು ಅವರು. “ದಿನಾ ಶಿರಾ ಮಾಡಿಸಿಕೊಡ್ತಿದ್ದೆ. ಮಗ ಕೊಟ್ಟದ್ದಂತ ಬ್ಯಾಡ ಅನ್ನಲಿಲ್ಲ.”

ಆಮೇಲೆ ಅವರಿಗೆ ಕೈ ಆಡಲಿಲ್ಲ. ದ್ಯಾಮವ್ವನೇ ಅವರ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮುಂದಿಟ್ಟಳು.