ಸಾಕವ್ವ ನೋಡಿದ ಇರುಳು

ಹೊದ್ಕೊ ಮೊದ್ಲು, ಕಾಲು ಒಳಗಿಟ್ಕೊ. ಒಂದಾನೊಂದು ಕಾಲದಲ್ಲಿ, ಅದು ಯಾವ ಕಾಲ ಅಂತ ನನ್ನ ಕೇಳಬೇಡ, ನಮ್ಮಜ್ಜಿಗೂ ಗೊತ್ತಿರಲಿಲ್ಲ, ಒಂದು ಕಲ್ಲುಗುಡ್ಡದ ಬುಡದಲ್ಲಿ ಒಂದು ಊರಿತ್ತಂತೆ, ಆ ಊರಲ್ಲಿ ಪಟ ಹಿಡಿಯೋರ ಮನೆ ಒಂದಿತ್ತಂತೆ. ಪಟ ಹಿಡಿಯೋದು ಅಂದ್ರೆ ಈಗಿನ ಹಾಗೆ ಫೋನ್ ಎತ್ತಿ ಒತ್ತೋದಲ್ಲ ಮಗಾ. ದೊಡ್ಡ ಮರದ ಪೆಟ್ಟಿಗೆ, ಅದಕ್ಕೊಂದು ಗಾಜಿನ ಕಣ್ಣು, ಆ ಕಣ್ಣಿಗೊಂದು ಮುಚ್ಚಳ. ಒಳಗೆ ಮದ್ದು ಬಳಿದ ಗಾಜು ಇಟ್ಟು ಮುಚ್ಚಳ ತೆಗೆದ್ರೆ ಪೆಟ್ಟಿಗೆ ನೋಡೋಕೆ ಶುರು ಮಾಡೋದು, ಮುಚ್ಚಿದ್ರೆ ನೋಡಿದ್ದಷ್ಟೂ ಗಾಜಿನ ಮೇಲೆ ಕೂತಿರೋದು. ಬೆಳಕು ಕಮ್ಮಿ ಇದ್ರೆ ಜಾಸ್ತಿ ಹೊತ್ತು ನೋಡಬೇಕು, ಅಷ್ಟು ಹೊತ್ತೂ ಎದುರಿಗಿರೋರು ಅಲ್ಲಾಡಬಾರದು, ಅಲ್ಲಾಡಿದ್ರೆ ಪಟದಲ್ಲಿ ಅಳಿಸಿಹೋಗ್ತಾರೆ. ನಿನ್ನಂಥೋರು ಅದಕ್ಕೆ ಆಗ್ತಿರಲಿಲ್ಲ ಬಿಡು.

ಆ ಮನೆ ಯಜಮಾನ ಸತ್ತುಹೋಗಿದ್ದ. ಹೆಂಡತಿ ಸಾಕವ್ವ ಇದ್ಳು, ಮೂರು ಮಕ್ಕಳಿದ್ರು. ದೊಡ್ಡೋನು ಓಬಯ್ಯ, ನಡುವಿನೋನು ಗಾದ್ರಪ್ಪ, ಕೊನೆಯೋಳು ಮಾರಕ್ಕ. ಸಾಕವ್ವನಿಗೆ ಹುಟ್ಟಿದಾಗಿಂದ ಇರುಳುಗಣ್ಣು. ಹೊತ್ತು ಮುಳುಗಿತು ಅಂದ್ರೆ ಎದುರಿಗಿರೋ ಮಗನೂ ಕಾಣ್ತಿರಲಿಲ್ಲ, ದೀಪ ಇಟ್ರೆ ದೀಪದ ಕುಡಿ ಒಂದು ಕಾಣೋದು. ಅದಕ್ಕೇ ಆ ಮನೆಯಲ್ಲಿ ಒಂದು ಪದ್ಧತಿ. ಮಬ್ಬಾಗ್ತಿದ್ದ ಹಾಗೇ ದೊಡ್ಡ ಮಗ ಒಂದು ದೀಪ ಹಚ್ಚಿ ತಂದು ಅವ್ವನ ಕಾಲ ಬಳಿ ಇಡಬೇಕು, ಅವಳು ಮಲಗೋವರೆಗೂ ಅದು ಆರಬಾರದು. ಅಪ್ಪ ಸಾಯೋ ಮುಂಚೆ ಹೇಳಿಹೋದ ಮಾತಂತೆ ಅದು.

ಆಮೇಲೆ ಒಂದು ವರ್ಷ ಸಾಕವ್ವನಿಗೆ ಹಗಲಲ್ಲೂ ಕಣ್ಣು ಮಸುಕಾಗ್ತಾ ಬಂತಂತೆ. ಊರ ಪಂಡಿತ ರೆಪ್ಪೆ ಎತ್ತಿ ನೋಡಿ, ಇನ್ನು ಈ ಕಣ್ಣು ಯುಗಾದಿವರೆಗೂ ಬರೋದು ಕಷ್ಟ, ನೋಡಬೇಕಾದ್ದೇನಿದ್ರೂ ಈಗಲೇ ನೋಡ್ಕೊಂಬಿಡು ತಾಯಿ ಅಂದ್ನಂತೆ. ಮಕ್ಕಳು ಮೂರೂ ಜನ ಸುತ್ತ ಕೂತ್ಕೊಂಡು, ಏನು ನೋಡ್ತೀಯವ್ವ, ಎಲ್ಲಿಗೆ ಕರ್ಕೊಂಡು ಹೋಗೋಣ ಅಂತ ಕೇಳಿದ್ರು. ಸಾಕವ್ವ, ನಾನು ಇರುಳನ್ನ ನೋಡೇ ಇಲ್ಲ ಕಣ್ರಪ್ಪ, ಒಂದು ಸಲ ನೋಡಬೇಕು ಅಂದ್ಳಂತೆ.

ಆಮೇಲೆ ಮಾರಕ್ಕ ಹೇಳಿದ್ಳು, ಇರುಳಿನ ಪಟ ಹಿಡಿದ್ರೆ ಅವ್ವ ಅದನ್ನ ಹಗಲಲ್ಲಿ ನೋಡಬಹುದಲ್ಲ. ಹೌದಲ್ಲ ಅಂದ್ರು ಅಣ್ಣಂದಿರು. ಆದ್ರೆ ಅಪ್ಪ ಮಾಡಿಟ್ಟಿದ್ದ ಗಾಜು ಮೂರೇ ಉಳಿದಿದ್ವು, ಆ ಮದ್ದು ಕಲಸೋ ವಿದ್ಯೆ ಅಪ್ಪನ ಜೊತೆಗೇ ಹೋಗಿತ್ತು. ತಲೆಗೊಂದು ಅಂತ ಹಂಚ್ಕೊಂಡ್ರಂತೆ.

ಓಬಯ್ಯ ದುಡುಕಿನ ಮನುಷ್ಯ. ಬೆಳಕು ಬೇಕಲ್ಲ ಅಂತ ಹುಣ್ಣಿಮೆ ದಿನವೇ ಪೆಟ್ಟಿಗೆ ಹೊತ್ಕೊಂಡು ಗುಡ್ಡಕ್ಕೆ ಹೋಗಿ, ಮುಚ್ಚಳ ತೆಗೆದು, ಚೆನ್ನಾಗಿ ಬರಲಿ ಅಂತ ಕಾದೂ ಕಾದೂ ಮುಚ್ಚಿದ್ನಂತೆ. ಬೆಳಿಗ್ಗೆ ಪಟ ಮೂಡೋ ಹಾಗೆ ಗಾಜು ತೊಳೆದು ಅವ್ವನ ಕೈಗೆ ಕೊಟ್ರೆ ಅದರಲ್ಲಿ ಬಂಡೆ, ಹುಲ್ಲು, ಮರದ ನೆರಳು ಎಲ್ಲ ನಿಚ್ಚಳವಾಗಿದೆ. ಅಷ್ಟು ಹೊತ್ತು ಕುಡಿದ ಬೆಳದಿಂಗಳು ಬಿಸಿಲೇ ಆಗಿಬಿಟ್ಟಿದೆ. ಸಾಕವ್ವ ಅವನ ತಲೆ ಸವರಿ, ಇದು ಹಗಲು ಕಣೋ, ಇದನ್ನ ನಾನು ದಿನಾ ನೋಡಿದೀನಿ ಅಂದ್ಳಂತೆ.

ಗಾದ್ರಪ್ಪ ತನ್ನನ್ನ ಬಿಟ್ರೆ ಜಾಣರಿಲ್ಲ ಅಂದ್ಕೊಂಡೋನು. ಅಣ್ಣನಿಗೆ ಬೆಳದಿಂಗಳು ಅಡ್ಡ ಬಂತು, ನಾನು ಅಮಾವಾಸ್ಯೆಗೆ ಹೋಗ್ತೀನಿ ಅಂತ ಹೋಗಿ, ಗುಡ್ಡ ಬೇಡ ಮರ ಬೇಡ ಅಂತ ಪೆಟ್ಟಿಗೆಯ ಕಣ್ಣನ್ನ ನೆತ್ತಿ ಮೇಲಿನ ಆಕಾಶಕ್ಕೆ ಇಟ್ನಂತೆ. ಚುಕ್ಕಿಗಳೇನೋ ಬಂದ್ವು. ಆದ್ರೆ ಚುಕ್ಕಿ ಒಂದೇ ಕಡೆ ನಿಲ್ಲೋದಿಲ್ಲ ನೋಡು, ನಡೀತಾನೇ ಇರ್ತಾವೆ, ಗಾಜಿನ ತುಂಬ ಬರೀ ಗೀರು. ಸಾಕವ್ವ ಅದರ ಮೇಲೆ ಬೆರಳಾಡಿಸಿ, ಯಾರಪ್ಪ ಇದನ್ನ ಗೀಚಿ ಹಾಳು ಮಾಡಿದೋರು ಅಂತ ಕೇಳಿದ್ಳಂತೆ. ಪಾಪ, ಅದು ದೂರದ್ದೋ ಹತ್ತಿರದ್ದೋ, ದೊಡ್ಡದೋ ಚಿಕ್ಕದೋ ಹೇಗೆ ತಿಳೀಬೇಕು ಅವಳಿಗೆ, ಗುರುತಿಗೆ ಒಂದು ಹುಲ್ಲುಕಡ್ಡಿಯೂ ಇಲ್ಲ ಅದರಲ್ಲಿ. ಗಾದ್ರಪ್ಪ ಒಳಗೆ ಹೋಗಿ ಅತ್ತುಬಿಟ್ನಂತೆ.

ಉಳಿದಿದ್ದು ಒಂದೇ ಗಾಜು. ಮಾರಕ್ಕನಿಗೆ ಅದನ್ನ ಮುಟ್ಟೋಕೇ ಭಯ. ಹಿಡಿದು ಕೆಡಿಸಿದ್ರೆ ಅವ್ವ ಇರುಳು ನೋಡದೇ ಕುರುಡಿಯಾಗ್ತಾಳೆ, ಹಿಡಿಯದೇ ಇದ್ರೂ ಅಷ್ಟೇ. ಆಮೇಲೆ ಅವಳು ಅಣ್ಣಂದಿರು ಕೇಳದೇ ಇದ್ದ ಒಂದು ಮಾತು ಕೇಳಿದ್ಳಂತೆ. ಅವ್ವ, ಇರುಳಲ್ಲಿ ಏನು ನೋಡಬೇಕು ನಿನಗೆ? ಅದಕ್ಕೆ ಸಾಕವ್ವ, ಉಂಡಾದ ಮೇಲೆ ನೀವೆಲ್ಲ ಅಂಗಳದಲ್ಲಿ ಕೂತ್ಕೊಂಡು ಅಗೋ ಅಲ್ಲಿ, ಅಗೋ ಎಷ್ಟೊಂದು ಅಂತೀರಿ, ನಾನೂ ತಲೆ ಎತ್ತಿ ಹೂಂ ಅಂತೀನಿ, ಇಷ್ಟು ವರ್ಷ ಏನಕ್ಕೆ ಹೂಂ ಅಂದೆ ಅಂತ ನೋಡಬೇಕು ಅಂದ್ಳಂತೆ.

ಆಮೇಲೆ ಮಾರಕ್ಕ ಆತುರ ಮಾಡಲಿಲ್ಲ. ಗಾಜು ಹಾಕದ ಖಾಲಿ ಪೆಟ್ಟಿಗೆ ಹೊತ್ಕೊಂಡು ಅಂಗಳವೆಲ್ಲ ಸುತ್ತಿದ್ಳು. ಒಂದು ಕಡೆ ಇಟ್ರೆ ಪಕ್ಕದೋರ ಬಣವೆ ಅಡ್ಡ, ಇನ್ನೊಂದು ಕಡೆ ಇಟ್ರೆ ಮನೆಯೇ ಆಕಾಶ ನುಂಗಿಬಿಡ್ತದೆ. ಬಾವಿ ಬಿಟ್ಳು, ಕೊಟ್ಟಿಗೆ ಬಿಟ್ಳು. ಕೊನೆಗೆ ಅಲ್ಲಾಡದ ಹಾಗೆ ಒರಳುಕಲ್ಲಿನ ಮೇಲೆ ಪೆಟ್ಟಿಗೆ ಕೂರಿಸಿ ಬಡಗಣ ದಿಕ್ಕಿಗೆ ತಿರುಗಿಸಿದ್ರೆ ಕೆಳಗೆ ಒಂದಿಷ್ಟು ಅಂಗಳ, ಮನೆ ಸೂರು, ಮಿಕ್ಕಿದ್ದೆಲ್ಲ ಆಕಾಶ, ಸೂರಿನ ಮೇಲೆ ಸರಿಯಾಗಿ, ಜಾಗ ಬಿಟ್ಟು ಕದಲದ ಧ್ರುವ ನಕ್ಷತ್ರ. ಅದರ ನೇರಕ್ಕೆ ಅವ್ವನ ಮಣೆ ಹಾಕಿದ್ಳು. ಹುಣ್ಣಿಮೆ ಕಳೆದು ಚಂದ್ರ ತಡವಾಗಿ ಹುಟ್ಟೋ ದಿನ ನೋಡಿದ್ಳು. ಹೊತ್ತು ಮುಳುಗಿ ಇನ್ನೂ ಚೂರು ನೀಲಿ ಉಳಿದಿರುವಾಗ ಮುಚ್ಚಳ ತೆಗೀಬೇಕು, ಮನೆ, ಮನುಷ್ಯರು ಆ ಬೆಳಕಲ್ಲಿ ಮೂಡ್ತಾರೆ, ಆಮೇಲೆ ಮುಚ್ಚಿ ಪೂರ್ತಿ ಕತ್ತಲಾಗೋಕೆ ಬಿಟ್ಟು ಮತ್ತೆ ತೆಗೀಬೇಕು, ಆಗ ಚುಕ್ಕಿ ಬರ್ತಾವೆ, ಚಂದ್ರ ಬರೋದ್ರೊಳಗೆ ಮುಗಿಸಬೇಕು ಅಂತ ಲೆಕ್ಕ ಹಾಕಿದ್ಳು.

ಆ ದಿನ ಸಂಜೆ ಅವ್ವನನ್ನ ಮಣೆ ಮೇಲೆ ಕೂರಿಸಿ, ಅಣ್ಣಂದಿರನ್ನ ಎರಡೂ ಪಕ್ಕ ಕೂರಿಸಿ, ಯಾರೂ ಮಿಸುಕಬೇಡಿ ಅಂತ ಹೇಳಿ ಮುಚ್ಚಳ ತೆಗೆದ್ಳಂತೆ. ಮಬ್ಬು ಕವಿದು ಬಂತು. ಸಾಕವ್ವ ಒಂದು ಸಲ ಉಸಿರುಬಿಟ್ಳು, ಅಷ್ಟೇ. ಆ ಉಸಿರು ಕೇಳಿದ್ದೇ ತಡ, ಓಬಯ್ಯ ಎದ್ದು ಒಳಗೆ ಹೋಗಿ ದೀಪ ಹಚ್ಕೊಂಡು ಬರ್ತಾ ಇದ್ದಾನೆ. ಬೇಕು ಅಂತ ಮಾಡಿದ್ದಲ್ಲ ಮಗಾ, ದಿನಾ ಆ ಹೊತ್ತಿಗೆ ಅವನ ಕಾಲು ತಾನಾಗೇ ಏಳ್ತಿತ್ತು. ಆ ದೀಪ ಒಂದು ಚಣ ಪೆಟ್ಟಿಗೆ ಕಣ್ಣಿಗೆ ಬಿದ್ರೂ ಪಟವೆಲ್ಲ ಸುಟ್ಟುಹೋಗೋದು. ಮಾರಕ್ಕನಿಗೆ ಮುಚ್ಚಳ ಹುಡುಕೋ ಪುರುಸೊತ್ತಿಲ್ಲ, ಅಂಗೈಯನ್ನೇ ಆ ಕಣ್ಣಿಗೆ ಅಡ್ಡ ಇಟ್ಳಂತೆ.

ಆಗ ಸಾಕವ್ವ ತಲೆ ಕೂಡ ತಿರುಗಿಸದೇ ಹೇಳಿದ್ಳು, ಆರಿಸು ಓಬಯ್ಯ. ಓಬಯ್ಯ, ನಿನಗೆ ಹೆದರಿಕೆ ಆಗಲ್ವಾ ಅವ್ವ ಅಂದ. ಆಗ್ತದೆ, ಆದ್ರೂ ಆರಿಸು ಅಂದ್ಳಂತೆ. ಅವನು ಕುಡಿಯನ್ನ ಬೆರಳಲ್ಲಿ ಚಿವುಟಿ ಆರಿಸಿ ಅಲ್ಲೇ ಕುಸಿದು ಕೂತ. ಮಾರಕ್ಕ ಕೈ ತೆಗೆದು, ಉಳಿದ ನೀಲಿ ಆರ್ತಿದ್ದ ಹಾಗೇ ಲೆಕ್ಕದಂತೆ ಮುಚ್ಚಳ ಹಾಕಿದ್ಳು. ಆಮೇಲೆ ಕತ್ತಲು ಪೂರ್ತಿಯಾಯ್ತು, ಮುಚ್ಚಳ ಮತ್ತೆ ತೆಗೆದ್ಳು, ಚುಕ್ಕಿ ಬಂದ್ವು, ನಡೆದ್ವು, ಸಾಕವ್ವ ಕೂತೇ ಇದ್ಳು. ಚಂದ್ರ ಹುಟ್ಟೋಕೆ ಗುಡ್ಡದ ಹಿಂದೆ ಬೆಳ್ಳಗಾಗ್ತಿದ್ದ ಹಾಗೇ ಮಾರಕ್ಕ ಮುಚ್ಚಳ ಹಾಕಿದ್ಳಂತೆ.

ಬೆಳಿಗ್ಗೆ ಬಾಗಿಲ ಬಿಸಿಲಲ್ಲಿ ಸಾಕವ್ವ ಗಾಜನ್ನ ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದ್ಳು. ಅವಳ ಮನೆ ಸೂರು. ಸೂರಿನ ಮೇಲೆ ಅಲ್ಲಾಡದೇ ಧ್ರುವ, ಅದರ ಸುತ್ತ ಬಳೆ ಬಳೆಯಾಗಿ ಲೋಕದ ಚುಕ್ಕಿಯೆಲ್ಲ. ಎದ್ದುಹೋದ ಓಬಯ್ಯ ಹೊಗೆ ಹಾಗಿದಾನೆ, ಸೊಳ್ಳೆ ಹೊಡೀತಿದ್ದ ಗಾದ್ರಪ್ಪನಿಗೆ ಕೈಯೇ ಇಲ್ಲ, ನಡುವೆ ಸಾಕವ್ವ ಒಬ್ಬಳೇ ನಿಚ್ಚಳವಾಗಿ ಕೂತಿದಾಳೆ. ಇಷ್ಟು ದೊಡ್ಡದಕ್ಕೆ ನಾನು ಬರೀ ಹೂಂ ಅಂತಿದ್ನಲ್ಲೇ ಅಂತ ಅವಳ ಕಣ್ಣಲ್ಲಿ ನೀರು ಬಂತಂತೆ.

ಮಾರಕ್ಕನಿಗೆ ಸಮಾಧಾನವಿಲ್ಲ. ಅಣ್ಣಂದಿರು ಅಳಿಸಿಹೋದ್ರು, ಪೆಟ್ಟಿಗೆ ಹಿಂದೆ ನಿಂತಿದ್ದ ನಾನಂತೂ ಇಲ್ಲವೇ ಇಲ್ಲ, ನೀನೊಬ್ಬಳೇ ಆಗಿಬಿಟ್ಟೆ ಅವ್ವ ಅಂತ ಅತ್ತಳಂತೆ. ಸಾಕವ್ವ ಅವಳನ್ನ ಹತ್ತಿರ ಕೂರಿಸ್ಕೊಂಡು, ಪಟದಲ್ಲಿ ನನ್ನ ಮುಖ ನೋಡು, ಎತ್ತ ತಿರುಗಿದೆ ಅಂದ್ಳು. ನೇರ ಪೆಟ್ಟಿಗೆ ಕಡೆಗೇ ತಿರುಗಿತ್ತು. ಕತ್ತಲಲ್ಲಿ ನನಗೆ ಏನೂ ಕಾಣ್ತಿರಲಿಲ್ಲ ಕಣೇ, ನಿನ್ನ ಉಸಿರು ಕೇಳ್ತಿತ್ತು, ಅಷ್ಟು ಹೊತ್ತೂ ನಿನ್ನನ್ನೇ ನೋಡ್ತಾ ಕೂತಿದ್ದೆ ಅಂದ್ಳಂತೆ.

ಯುಗಾದಿಗೆ ಮುಂಚೆಯೇ ಕಣ್ಣು ಹೋಯ್ತು. ಆದ್ರೂ ಸಾಕವ್ವ ಬಹಳ ಕಾಲ ಬದುಕಿದ್ಳು, ಮಕ್ಕಳು ಮೂವರೂ ಅವಳ ಸುತ್ತ ಸುಖವಾಗಿದ್ರು, ಊರಿನ ಚಿಕ್ಕ ಮಕ್ಕಳು ಬಂದು ಯಾವ ಚುಕ್ಕಿ ಎಲ್ಲಿ ಅಂತ ಕೇಳಿದ್ರೆ ಪಟದಲ್ಲಿ ನೋಡಿದ್ದನ್ನ ನೆನೆಸ್ಕೊಂಡು ಅವಳೇ ಬೆರಳು ತೋರಿಸಿ ಹೇಳ್ತಿದ್ಳಂತೆ. ಕತೆ ಅಲ್ಲಿಗೆ ತೀರಿತು, ಇನ್ನು ಕಣ್ಣು ಮುಚ್ಚು ಮಗಾ, ನಾನು ಇಲ್ಲೇ ಕೂತಿರ್ತೀನಿ.