ಚಾಪೆಯ ಕೆಳಗಿನ ಕಣ್ಣು

"ಬುದ್ಧೀ, ವಾಸಿ ಆಗದ ಜೀವವನ್ನ ಅದರ ಪಾಡಿಗೆ ಬಿಟ್ಬಿಡೋದು ದಯೆ ತಾನೇ?"

ಹಿಂಗೆ ಕೇಳ್ದೋನು ಗವಿಯಪ್ಪ. ಮಠದ ಕೊಳದಲ್ಲಿರೋ ಚಿನ್ನದ ಮೀನುಗಳನ್ನ ನೋಡ್ಕೊಳ್ಳೋ ಶಿಷ್ಯ. ಅವುಗಳಲ್ಲಿ ಒಂದಕ್ಕೆ ಕಾಯಿಲೆ. ಹೊಟ್ಟೆ ಊದಿ, ಹುರುಪೆಯೆಲ್ಲ ಹಲಸಿನಕಾಯಿ ಮುಳ್ಳಿನ ಹಾಗೆ ಎದ್ದು ನಿಂತಿತ್ತು. ಗವಿಯಪ್ಪ ಅದನ್ನ ಬೇರೆ ತೊಟ್ಟಿಗೆ ಬಿಟ್ಟ. ನೀರು ಬದಲಾಯಿಸ್ದ, ಉಪ್ಪು ಹಾಕ್ದ, ಬಟಾಣಿ ಬೇಯಿಸಿ ಸಿಪ್ಪೆ ಸುಲಿದು ಕೊಟ್ಟ. ಯಾವುದೂ ನಾಟಲಿಲ್ಲ. ಈಗ ತೊಟ್ಟಿ ಮೇಲೆ ಒಂದು ಬಿದಿರು ಬುಟ್ಟಿ ಕವುಚಿ ಹಾಕಿ, ಜಗಲಿಗೆ ಬಂದು ಗುರುಗಳ ಮುಂದೆ ಕೂತಿದ್ದ. ತೊಟ್ಟಿ ಅವನ ಬೆನ್ನ ಹಿಂದೆ, ಅಂಗಳದಲ್ಲಿತ್ತು.

ಗುರುಗಳಿಗೆ ಅವತ್ತು ಹಲ್ಲುನೋವು. ಸೀಸೆಯಿಂದ ಒಂದು ತೊಟ್ಟು ಲವಂಗದೆಣ್ಣೆ ಹತ್ತಿಗೆ ಹಾಕ್ಕೊಂಡು ದವಡೆಗೆ ಸಿಕ್ಕಿಸಿದ್ರು.

"ದಯೆ ವಿಷಯ ಆಮೇಲೆ ನೋಡೋಣ. ಮೊದಲು ಕತೆ ಕೇಳು. ಇದು ನಿಜವಾಗ್ಲೂ ನಡೆದದ್ದು," ಅಂದ್ರು.

"ಹೋದ್ಸಲಾನೂ ಹಂಗೇ ಅಂದ್ರಿ ಬುದ್ಧೀ. ಅದರಲ್ಲಿ ಒಂಟೆ ಮಾತಾಡ್ತಿತ್ತು."

"ಇದರಲ್ಲಿ ಒಂಟೆ ಇಲ್ಲ. ಕೇಳು."

ಒಂದೂರಲ್ಲಿ ಒಬ್ಬ ಲವಂಗದ ವ್ಯಾಪಾರಿ ಇದ್ದ. ಅವನ ಲವಂಗದ ಘಮ ಎಂಥದ್ದು ಅಂದ್ರೆ, ಅಂಗಡಿ ಮುಂದೆ ಹಾದುಹೋದ ಎಮ್ಮೆಗೂ ಹಲ್ಲುನೋವು ವಾಸಿ ಆಗ್ತಿತ್ತು. ಒಂದಿನ ಲವಂಗ ತಂದ ಹಡಗಿನೋನು ಅವನಿಗೆ ಒಂದು ಚಿನ್ನದ ಮೀನಿನ ಮರಿ ಕೊಟ್ಟ. ವ್ಯಾಪಾರಿ ಅದನ್ನ ಗಾಜಿನ ಜಾಡೀಲಿ ಬಿಡೋಕೆ ಹೋದ.

"ಜಾಡಿ ಇರೋದು ಉಪ್ಪಿನಕಾಯಿಗೆ," ಅಂದ ಹಡಗಿನೋನು. "ಇದಕ್ಕೆ ಕೊಳ ತೋಡಿಸು. ಚೆನ್ನಾಗಿ ನೋಡ್ಕೊಂಡ್ರೆ ನಿನ್ನ ಜೊತೇಲೇ ಮುದುಕ ಆಗುತ್ತೆ. ವಾಸಿ ಆಗದ ನೋವು ಬಂದ್ರೆ ಮಾತ್ರ ನಿನ್ನ ಅಂಗಡಿ ಎಣ್ಣೆ ಬೇಕಾಗುತ್ತೆ."

"ಯಾಕಪ್ಪ, ಮೀನಿಗೂ ಹಲ್ಲುನೋವು ಬರುತ್ತಾ?"

ಹಡಗಿನೋನು ನಗಲಿಲ್ಲ. "ಲವಂಗದೆಣ್ಣೆ ಬೆರೆಸಿದ ನೀರಲ್ಲಿ ಮೀನಿಗೆ ನಿದ್ದೆ ಬರುತ್ತೆ. ಇನ್ನೂ ಬೆರೆಸಿದ್ರೆ ಆ ನಿದ್ದೆಯಿಂದ ಏಳಲ್ಲ. ಒದ್ದಾಡಲ್ಲ. ಆದ್ರೆ ನೀನೇ ಮಾಡಬೇಕು. ಮುಗಿಯೋ ತನಕ ಪಕ್ಕದಲ್ಲಿ ಕೂತಿರಬೇಕು," ಅಂದು ಹೊರಟೋದ.

ವ್ಯಾಪಾರಿ ಹಿತ್ತಲಲ್ಲಿ ಕೊಳ ತೋಡಿಸ್ದ. ಒಳ್ಳೇ ಆಳ. ಅರ್ಧ ಬಿಸಿಲು, ಅರ್ಧ ಸಂಪಿಗೆ ಮರದ ನೆರಳು. ಮೀನು ಅಡಗೋಕೆ ಅಂಚಲ್ಲಿ ಕಲ್ಲು, ಮಿಂಚುಳ್ಳಿ ಬರದ ಹಾಗೆ ಮೇಲೆ ಬಲೆ. ನೀರು ತುಂಬಿಸಿ, ಅದು ತಿಳಿಯಾಗೋ ತನಕ ಕಾದು, ಆಮೇಲೆ ಮೀನು ಬಿಟ್ಟ. ಮೀನು ಎರಡು ಮೊಳ ಬೆಳೀತು.

ಗವಿಯಪ್ಪ ಕೆಮ್ಮಿದ.

"ಸರಿ, ಒಂದು ಗೇಣು ಅಂತ ಇಟ್ಕೋ," ಅಂದ್ರು ಗುರುಗಳು.

ಆ ಮೀನಿಗೆ ಅವನ ಹೆಜ್ಜೆ ಸದ್ದು ಗೊತ್ತಿತ್ತು. ಅವನು ಅಂಚಿಗೆ ಬಂದ್ರೆ ಸಾಕು, ಮೇಲೆ ಬಂದು, ನೀರಿಂದ ಬಾಯಿ ಹೊರಗೆ ಹಾಕಿ ಪಚ್ ಅನ್ನೋದು. ವ್ಯಾಪಾರಿ ಅದನ್ನ ಬಂದೋರಿಗೆಲ್ಲ ತೋರಿಸಿ, "ನಮ್ಮ ಕೊಳದಲ್ಲಿ ಸಾವು ಅನ್ನೋದೇ ಇಲ್ಲ ಕಣ್ರೀ," ಅಂತಿದ್ದ. ವರ್ಷಗಳು ಹಂಗೇ ಕಳೆದ್ವು.

ಆಮೇಲೆ ಕಾಯಿಲೆ ಬಂತು. ನಿನ್ನ ಮೀನಿಗೆ ಬಂದಿರೋದೇ. ವ್ಯಾಪಾರಿ ಮಾಡಬೇಕಾದ್ದೆಲ್ಲ ಮಾಡ್ದ. ಮೀನು ಕೆಳಕ್ಕೆ ಇಳಿಯೋಕಾಗದೆ, ಒಂದು ಪಕ್ಕಕ್ಕೆ ವಾಲಿ, ಒಂದು ಕಣ್ಣು ಆಕಾಶಕ್ಕೆ ಮಾಡ್ಕೊಂಡು ತೇಲ್ತಾ ಇತ್ತು.

ಹೆಂಡತಿ ಅಂದ್ಲು: "ರೀ, ಅದು ನಿಮ್ಮನ್ನೇ ನೋಡ್ತಿದೆ."

"ಮೀನಿಗೇನು ಗೊತ್ತಾಗುತ್ತೆ? ಬಿಸಿಲು ಕಾಯಿಸ್ಕೊಳ್ತಿದೆ."

"ಹಂಗೆ ಒಂದು ಪಕ್ಕಕ್ಕೆ ಬಿದ್ಕೊಂಡಾ? ಅಂಗಡಿ ತುಂಬ ಎಣ್ಣೆ ಇಟ್ಕೊಂಡು ಏನ್ರೀ ಯೋಚನೆ ನಿಮಗೆ?"

"ನನ್ನ ಕೈಲಿ ಜೀವ ತೆಗೆಸ್ಬೇಡ್ವೇ. ದೇವರು ಕೊಟ್ಟದ್ದು, ದೇವರೇ ತಗೊಳ್ಳಲಿ," ಅಂದ. ಈಚಲು ಚಾಪೆಗಳನ್ನ ಸೇರಿಸಿ ಹೊಲಿಸಿ ಕೊಳದ ಮೇಲೆ ಹಾಸಿಸ್ದ. ಬಿಸಿಲು ತಾಗದೇ ಇರಲಿ ಅಂತ. ಆಮೇಲೆ ಹಿತ್ತಲಿಗೆ ಹೋಗೋದನ್ನೇ ಬಿಟ್ಟ.

ಒಂದು ಬೆಳಿಗ್ಗೆ ಮಜ್ಜಿಗೆ ಲೋಟ ಕೈಗೆ ತಗೊಂಡ. ಗಾಳಿ ಇರಲಿಲ್ಲ, ಕೈ ನಡುಗಿರಲಿಲ್ಲ. ಮಜ್ಜಿಗೆ ಮೇಲೆ ಸಣ್ಣದಾಗಿ ಒಂದು ಉಂಗುರ ಎದ್ದು, ಅಗಲ ಆಗಿ, ಅಂಚಿಗೆ ಬಂದು ಮಾಯ ಆಯ್ತು. ಜೊತೆಗೇ ಸದ್ದು: ಪಚ್.

ಹೆಂಡತಿಗೆ ಕೇಳಿಸಲಿಲ್ಲ. ಮಜ್ಜಿಗೆ ಚೆಲ್ಲಿದ. ಸ್ನಾನಕ್ಕೆ ಹೋದ್ರೆ ಹಂಡೆಯೊಳಗೆ ಉಂಗುರ. ಊಟಕ್ಕೆ ಕೂತ್ರೆ ಸಾರಿನ ಬಟ್ಟಲಲ್ಲಿ ಉಂಗುರ. ಕೊನೆಗೆ ಬಾಯಿ ಮುಕ್ಕಳಿಸೋಕೆ ಒಂದು ಗುಟುಕು ನೀರು ಹಾಕ್ಕೊಂಡ. ಆ ನೀರು ಅವನ ಬಾಯೊಳಗೇ ಪಚ್ ಅಂತು.

ಅವತ್ತಿಂದ ನೀರನ್ನೇ ಬಿಟ್ಟ. ಬರೀ ಬಾಳೆಹಣ್ಣು ತಿಂದ್ಕೊಂಡು ಬದುಕಿದ.

"ಎಷ್ಟು ದಿನ ಬುದ್ಧೀ?"

"ಮಧ್ಯ ಬಾಯಿ ಹಾಕ್ಬೇಡ ಕಣಯ್ಯ. ಬದುಕಿದ ಅಷ್ಟೆ."

ಒಂದು ಮಧ್ಯಾಹ್ನ ಅಂಗಡಿಗೆ ಹಳೇ ಗಿರಾಕಿಯೊಬ್ಬ ಬಂದ. ಲವಂಗ ಬಾಯಿಗೆ ಹಾಕ್ಕೊಂಡು, ಉಗಿದು, "ಏನ್ ಶೆಟ್ರೇ, ಈಗ ಕಬ್ಬಿಣದ ಮೊಳೆ ಮಾರೋಕೆ ಶುರು ಮಾಡಿದ್ರಾ? ಘಮಾನೂ ಇಲ್ಲ, ಖಾರಾನೂ ಇಲ್ಲ!" ಅಂದ. ವ್ಯಾಪಾರಿ ಮೂಟೆಗೆ ಮೂಗು ಇಟ್ಟು ನೋಡ್ದ. ಇನ್ನೊಂದು ಮೂಟೆ ಬಿಚ್ಚಿದ. ಅಂಗಡಿಯಲ್ಲಿದ್ದ ಮೂಟೆಗಳನ್ನೆಲ್ಲ ಬಿಚ್ಚಿದ. ಯಾವುದರಲ್ಲೂ ಲವಂಗದ ವಾಸನೆ ಇರಲಿಲ್ಲ. ಎಲ್ಲದರಲ್ಲೂ ಒಂದೇ ವಾಸನೆ. ನೆನೆದ ಚಾಪೆ ವಾಸನೆ.

ಅವನು ಅಂಗಡಿ ಬಾಗಿಲು ತೆರೆದದ್ದು ತೆರೆದ ಹಾಗೇ ಬಿಟ್ಟು ಹಿತ್ತಲಿಗೆ ಹೋದ. ಸುಡೋ ಬಿಸಿಲು. ಒಂದು ಹಕ್ಕಿ ಸದ್ದಿಲ್ಲ. ಸಂಪಿಗೆ ಮರದ ಎಲೆ ಅಲ್ಲಾಡ್ತಿರಲಿಲ್ಲ. ಮೀನು ಯಾವಾಗ್ಲೋ ಸತ್ತಿರುತ್ತೆ, ದೇವರು ತಗೊಂಡಿರ್ತಾನೆ ಅಂದ್ಕೊಂಡು ಚಾಪೆ ಎತ್ತಿದ.

ಬಿಟ್ಟುಹೋದ ಜಾಗದಲ್ಲೇ ಇತ್ತು. ಬದುಕಿತ್ತು. ಮೀನಿಗೆ ರೆಪ್ಪೆ ಇರಲ್ಲ ನೋಡು, ಕಣ್ಣು ಮುಚ್ಚೋಕೆ ಬರಲ್ಲ. ಅಷ್ಟು ದಿನವೂ ಆ ಒಂದು ಕಣ್ಣು ಚಾಪೆಯ ಅಡಿಭಾಗವನ್ನೇ ನೋಡ್ತಾ ಇತ್ತು. ಈಗ ಚಾಪೆ ಇದ್ದ ಕಡೆ ಅವನ ಮುಖ ಬಂತು. ಮೀನು ಬಾಯಿ ತೆರೀತು.

ಪಚ್.

ಊಟ ತಂದಿದಾನೆ ಅಂದ್ಕೊಂಡಿತ್ತು.

ಇಲ್ಲಿಂದ ಮುಂದಕ್ಕೆ ಗುರುಗಳು ತಮ್ಮ ಕಡೆಯಿಂದ ಏನೂ ಸೇರಿಸಲಿಲ್ಲ. ದನಿ ಇಳಿಸಿ, ನೆಲ ನೋಡ್ತಾ ಹೇಳಿದ್ರು.

ವ್ಯಾಪಾರಿ ಕೊಳದ ನೀರನ್ನೇ ಒಂದು ಬೋಗುಣಿಗೆ ತುಂಬಿ, ಮೀನನ್ನ ಎರಡೂ ಕೈಲಿ ಎತ್ತಿ ಅದರೊಳಗೆ ಬಿಟ್ಟ. ಎಣ್ಣೆ ಹಂಗೇ ನೀರಲ್ಲಿ ಬೆರೆಯಲ್ಲ ಅಂತ, ಅಂಗಡಿಯಿಂದ ತಂದ ಲವಂಗದೆಣ್ಣೆ ಸೀಸೇಲಿ ಸ್ವಲ್ಪ ನೀರು ಹಾಕಿ ಚೆನ್ನಾಗಿ ಕುಲುಕಿದ. ಬೆಳ್ಳಗಾದ ಮೇಲೆ ನಿಧಾನಕ್ಕೆ ಸುರಿದ. ಮೀನು ಸ್ವಲ್ಪ ಹೊತ್ತು ಈಜೋಕೆ ನೋಡ್ತು. ಆಮೇಲೆ ಅವನ ಅಂಗೈಗೆ ಒರಗ್ತು. ಕಿವಿರು ನಿಧಾನ ಆಯ್ತು. ಅವನು ಇನ್ನೂ ಸುರಿದ. ಕಿವಿರು ನಿಂತ್ಹೋಯ್ತು. ಇನ್ನೂ ಜೀವ ಉಳಿದಿದ್ರೆ ಅಂತ ಆಮೇಲೂ ಎಷ್ಟೋ ಹೊತ್ತು ಕೈ ತೆಗೀಲಿಲ್ಲ.

ಕೊನೇಲಿ, ಮನುಷ್ಯರಿಗೆ ಮಾಡೋ ಹಾಗೆ, ಹೆಬ್ಬೆರಳಿಂದ ಅದರ ಕಣ್ಣು ಮುಚ್ಚೋಕೆ ಹೋದ. ಎಳೆದು ಮುಚ್ಚೋಕೆ ಅಲ್ಲಿ ಏನೂ ಇರಲಿಲ್ಲ. ಆ ಕಣ್ಣು ಅವನನ್ನೇ ನೋಡ್ತಾ ಇತ್ತು. ಅವನೂ ಅದನ್ನ ನೋಡ್ತಾ ಕೂತ. ಮುಖ ತಿರುಗಿಸಲಿಲ್ಲ. ಸಂಪಿಗೆ ಮರದ ನೆರಳು ಬೋಗುಣಿ ದಾಟಿ ಹೋಗೋ ತನಕ ಕೂತಿದ್ದ. ಆಮೇಲೆ ಆ ಮರದ ಬುಡದಲ್ಲೇ ಮಣ್ಣು ಮಾಡ್ದ.

ಒಳಗೆ ಬಂದ್ರೆ ಹೆಂಡತಿ ಒಂದು ಲೋಟ ನೀರು ಕೊಟ್ಲು. ನೀರು ಅಲ್ಲಾಡಲಿಲ್ಲ. ಕುಡಿದ. ಅವನ ಕೈ ಲವಂಗದ ವಾಸನೆ ಹೊಡೀತಿತ್ತು.

ಗುರುಗಳು ಕತೆ ನಿಲ್ಲಿಸಿದ್ರು.

ಗವಿಯಪ್ಪ ಅಂದ: "ಚೆನ್ನಾಗಿದೆ ಬುದ್ಧೀ. ಆದ್ರೆ ಆ ವ್ಯಾಪಾರಿ ಹಾಗೆ ನಾನು ಹೆದರಿ ಮುಚ್ಚಿಲ್ಲ. ಕಾಗೆ ಕುಕ್ಕುತ್ತಲ್ಲ ಅಂತ ಬುಟ್ಟಿ ಮುಚ್ಚಿದೀನಿ, ಅಷ್ಟೇ."

ಅಂಗಳದಲ್ಲಿ, ಬುಟ್ಟಿಯ ಕೆಳಗಿಂದ, ಸಣ್ಣದಾಗಿ ಸದ್ದು ಬಂತು.

ಪಚ್.

ಗವಿಯಪ್ಪ ತಿರುಗಲಿಲ್ಲ. ಗುರುಗಳು ಲವಂಗದೆಣ್ಣೆ ಸೀಸೆಯನ್ನ ಮೆಲ್ಲಗೆ ಅವನ ಕಡೆ ತಳ್ಳಿದ್ರು.

"ಕಾಗೆ ಕಾಯೋನು ಬುಟ್ಟಿಗೆ ಬೆನ್ನು ಹಾಕ್ಕೊಂಡು ಯಾಕಪ್ಪ ಕೂತಿದೀಯ?"