ಜೇನುಮರದ ಮೊಕದ್ದಮೆ

ಒಂದಾನೊಂದು ಬೆಟ್ಟದಲ್ಲಿ, ಅದಕ್ಕೆ ಯಾರೂ ಹೆಸರಿಡೋ ಮುಂಚೆ, ನಮ್ಮ ಹಿರೀಕರು ಇದ್ದರಂತೆ. ಜೇನು ಕೊಯ್ಯೋ ಜನ. ದೇವರು ಬುದ್ಧಿ ಹಂಚುವಾಗ ಇವರು ಮರದ ಮೇಲಿದ್ದರಂತೆ, ಇಳಿದು ಬರೋ ಹೊತ್ತಿಗೆ ಮುಗಿದುಹೋಗಿತ್ತಂತೆ. ನನ್ನನ್ನು ನೋಡಿದರೆ ನಿಮಗೂ ನಂಬಿಕೆ ಬರುತ್ತದೆ.

ಆ ಬೆಟ್ಟದಲ್ಲಿ ನಲವತ್ತು ಹೆಜ್ಜೇನು ಕಟ್ಟೋ ಒಂದು ಮತ್ತಿಮರ. ಹಿಂದಿನ ವರ್ಷ ತೀರಿಕೊಂಡ ಬೊಮ್ಮಜ್ಜಿಯನ್ನು ಅದರ ಬುಡದಲ್ಲೇ ಮಣ್ಣು ಮಾಡಿದ್ದರು. ರಾಜನಿಗೆ ಹೊಸ ಅರಮನೆಗೆ ನಡುಗಂಬ ಬೇಕಾಯಿತಂತೆ, ಕಣ್ಣು ಈ ಮರದ ಮೇಲೇ ಬಿತ್ತಂತೆ. ನಮ್ಮವರು ಏಳು ಜನ ಹೋಗಿ ಬುಡದಲ್ಲಿ ಕೂತರಂತೆ. ಬೈಯಲಿಲ್ಲ, ಹೊಡೆಯಲಿಲ್ಲ, ಸುಮ್ಮನೆ ಕೂತರಂತೆ.

ರಾಜ ಡಂಗುರ ಹೊಡೆಸಿದ: "ಐದು ಜನಕ್ಕಿಂತ ಹೆಚ್ಚು ಒಂದೆಡೆ ಕೂತರೆ ಅದು ದಂಗೆ. ಕೂತವರಿಗೆ ಸೆರೆ, ಮರಕ್ಕೆ ಕೊಡಲಿ."

ಬುದ್ಧಿ ಇದ್ದವರಾದರೆ ಇಬ್ಬರು ಎದ್ದು ಹೋಗುತ್ತಿದ್ದರು. ನಮ್ಮವರು ಹಾಗೇ ಕೂತಿದ್ದರು. ದಳವಾಯಿ ಬಂದು ಕೇಳಿದ, "ಎಷ್ಟು ಜನ ಇದ್ದೀರೋ?"

ಇಲ್ಲಿ ನಮ್ಮ ಪದ್ಧತಿ ಹೇಳಬೇಕು. ಜೇನು ಇಳಿಸಿದರೆ ನಾವು ನಮಗೆ ಮಾತ್ರ ಪಾಲು ಹಾಕೋದಿಲ್ಲ. ಹುಳಕ್ಕೆ, ಕರಡಿಗೆ, ಸತ್ತವರಿಗೆ, ಮರಕ್ಕೆ, ಎಲ್ಲರಿಗೂ ಉಂಟು. ಹಾಗೆ ಎಣಿಸಿ ಎಣಿಸಿ ನಾಲಿಗೆಗೆ ಅದೇ ರೂಢಿ. ಯಜಮಾನ ಜಡೆಯಜ್ಜ ಬೆರಳು ಮಡಚುತ್ತಾ ಹೇಳಿದನಂತೆ, "ನಾವು ಏಳು. ಮೇಲಿರೋ ಜೇನು ನಲವತ್ತು ಮನೆ. ಸಂಜೆ ಬರೋ ಕರಡಿ ಒಂದು. ಕೆಳಗೆ ಮಲಗಿರೋ ಬೊಮ್ಮಜ್ಜಿ. ಆಮೇಲೆ ಮರ. ಐವತ್ತಾಯ್ತು ಒಡೆಯಾ."

ಅವನ ಹೆಂಡತಿ ಕೆಂಪಿ ತಲೆ ಚಚ್ಚಿಕೊಂಡಳಂತೆ. "ನಿನ್ ಬಾಯಿಗೆ ಮೇಣ ಮೆತ್ತಬೇಕಿತ್ತು."

ದಳವಾಯಿಗೆ ಹಿಗ್ಗೋ ಹಿಗ್ಗು. ಏಳು ಜನರ ದಂಗೆ ಅಡಗಿಸಿದರೆ ಯಾರು ಮೂಸಿ ನೋಡುತ್ತಾರೆ? ಐವತ್ತಾದರೆ ಬಿರುದು ಸಿಗುತ್ತದೆ. ಐವತ್ತೂ ಬರೆಸಿದ, ಕೈಗೆ ಸಿಕ್ಕ ಏಳು ಜನರನ್ನು ಸೆರೆಗೆ ನೂಕಿದ. ರಾಜ ಓದದೆ ಮುದ್ರೆ ಒತ್ತಿದ.

ವಿಚಾರಣೆಯ ದಿನ ನ್ಯಾಯಾಧಿಪತಿ ಕೈಮುಗಿದನಂತೆ. "ಪ್ರಭು, ಆರೋಪಿಗಳೆಲ್ಲ ಒಟ್ಟಿಗೆ ನಿಲ್ಲದೆ ತೀರ್ಪು ಕೊಡೋ ಹಾಗಿಲ್ಲ. ತೀರ್ಪಿಗೆ ಮುಂಚೆ ಯಾವ ಆರೋಪಿಯನ್ನೂ ಕಡಿಯೋ ಹಾಗಿಲ್ಲ. ತಮ್ಮ ತಾತನವರೇ ಮಾಡಿದ ಕಾನೂನು. ಮರ ಐವತ್ತನೇ ಆರೋಪಿ."

ಜೇನು ಹಿಡಿಯಲು ಹೋದ ಸೈನಿಕರು ಮುಖ ಊದಿಸಿಕೊಂಡು ಬಂದರು. ಬೊಮ್ಮಜ್ಜಿಯನ್ನು ಮೂರು ಸಲ ಕೂಗಿದರು. ಅವಳು ಬದುಕಿದ್ದಾಗಲೂ ಕರೆದರೆ ಬಂದವಳಲ್ಲ.

"ಆ ಹೆಸರುಗಳನ್ನು ಹೊಡೆದುಹಾಕಿ" ಅಂದ ರಾಜ.

"ಹಾಗಾದರೆ ತಮ್ಮ ಮುದ್ರೆ ಸುಳ್ಳಾಗುತ್ತದೆ" ಅಂದ ನ್ಯಾಯಾಧಿಪತಿ.

ಐವತ್ತೂ ಒಟ್ಟಿಗೆ ನಿಲ್ಲೋವರೆಗೆ ತೀರ್ಪು ಮುಂದಕ್ಕೆ ಹೋಯಿತು. ಏಳು ಜನರನ್ನು ಬಿಟ್ಟರು. ಆದರೆ ಪ್ರತಿ ಅಮಾವಾಸ್ಯೆಗೆ ಬಂದು ಹಾಜರಿ ಹೇಳಬೇಕು, ತಾವು ಸತ್ತರೆ ಮಕ್ಕಳು ಹೇಳಬೇಕು ಅಂತ ಕಟ್ಟಳೆ.

ಹೀಗೆ ಮರ ಉಳಿಯಿತು. ನಮ್ಮ ಜಾಣತನದಿಂದ ಅಂತ ಹೊಗಳಬೇಡಿ, ಕೇಳೋಕೆ ನಮಗೇ ನಾಚಿಕೆ. ರಾಜ ಹೋದ, ಅವನ ಮೊಮ್ಮಗ ಹೋದ, ನಡುಗಂಬವಿಲ್ಲದ ಅರಮನೆ ಬಿದ್ದೇ ಹೋಯಿತು. ಮೊಕದ್ದಮೆ ಮಾತ್ರ ಬೀಳಲಿಲ್ಲ. ಏಳು ತಲೆಮಾರಿನಿಂದ ನಾವು ಹುಟ್ಟುತ್ತಲೇ ಆರೋಪಿಗಳು, ಒಂದು ಮರದ ಕೆಳಗೆ ಕೂತ ತಪ್ಪಿಗೆ. ನಗುತ್ತಾ ಹೇಳುತ್ತೇನೆ, ಆದರೂ ಸಿಟ್ಟು ಬರುತ್ತದೆ.

ನಾಳೆ ಅಮಾವಾಸ್ಯೆ, ನನ್ನ ಸರದಿ. ಎಷ್ಟು ಜನ ಬಂದಿದ್ದೀರಿ ಅಂತ ಈಗಲೂ ಕೇಳುತ್ತಾರೆ. ನಿಂತಿರೋದು ನಾನೊಬ್ಬನೇ. ಐವತ್ತು ಅನ್ನುತ್ತೇನೆ.

ಕತೆ ಕಾಡಿಗೆ ಹೋಯಿತು, ನಾನು ಕಚೇರಿಗೆ ಹೊರಟೆ.